ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಪ್ರವಾಸ

ರದ್ದಿ ಪೇಪರಿನವನು ನಮ್ಮ ಬೀದಿಗೆ ಬಂದಾಗಲೆಲ್ಲ ಮನೆಯಲ್ಲಿ ಒಂದು ಸಣ್ಣ ಚರ್ಚೆ ನಡೆಯುತ್ತದೆ. ನನ್ನಾಕೆ ಅಟ್ಟದ ಮೇಲಿನ ತಗಡಿನ ಟ್ರಂಕಿನತ್ತ ಕೈ ತೋರಿಸಿ, "ರೀ, ಆ ಹಳೇ ನೋಟ್‌ಬುಕ್ಕುಗಳನ್ನ ಇನ್ನೂ ಎಷ್ಟು ವರ್ಷ ಇಟ್ಕೋತೀರಿ? ಜಿರಲೆಗಳಿಗೆ ಮನೆ ಮಾಡಿಕೊಟ್ಟ ಹಾಗಾಗಿದೆ" ಅನ್ನುತ್ತಾಳೆ. ನಾನು "ಮುಂದಿನ ಸಲ ನೋಡೋಣ" ಅನ್ನುತ್ತೇನೆ. ಬ್ಯಾಂಕಿನಲ್ಲಿ 37 ವರ್ಷ ಗುಮಾಸ್ತನಾಗಿದ್ದವನಿಗೆ "ಮುಂದಿನ ಸಲ ನೋಡೋಣ" ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಟ್ರಂಕಿನಲ್ಲಿ ಒಟ್ಟು 26 ನೋಟ್‌ಬುಕ್ಕುಗಳಿವೆ. ಅವುಗಳ ಕೆಳಗೆ ನಾಲ್ಕು ಆಲ್ಬಮ್ಮು, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ನೆಗೆಟಿವ್. ನಾನು ದೊಡ್ಡ ಪ್ರವಾಸಿಯೇನಲ್ಲ, ಸಮುದ್ರ ದಾಟಿದವನಲ್ಲ, ಹಿಮಾಲಯ ಹತ್ತಿದವನೂ ಅಲ್ಲ. ಬ್ಯಾಂಕಿನವರಿಗೆ ಸಿಗುತ್ತಿದ್ದ ರಜಾ ಪ್ರವಾಸದ ಸೌಲಭ್ಯ, ಒಂದೆರಡು ಮದುವೆ ಮುಂಜಿ, ವರ್ಗವಾದ ಊರಿನ ಸುತ್ತಮುತ್ತ ಭಾನುವಾರದ ತಿರುಗಾಟ. ನನ್ನ ಸಾಹಸವೆಲ್ಲ ಇಷ್ಟೇ. ಆದರೆ ಹೋದಲ್ಲೆಲ್ಲ ಬರೆದಿಟ್ಟಿದ್ದೇನೆ. ಎಲ್ಲವನ್ನೂ ಅಲ್ಲ, ಅಂದಂದಿನದನ್ನು ಅಂದಂದೇ.

ಈ ಅಭ್ಯಾಸ ಬಂದದ್ದು ಸಾಹಿತ್ಯದಿಂದಲ್ಲ, ಲೆಡ್ಜರಿನಿಂದ. ಬಿ.ಕಾಂ. ಮುಗಿಸಿ 1973ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಶಾಖೆಯಲ್ಲಿ ಒಬ್ಬ ಹೆಡ್ ಕ್ಲಾರ್ಕ್ ಇದ್ದರು. ಸಂಜೆ ಲೆಕ್ಕದಲ್ಲಿ ಐದು ಪೈಸೆ ವ್ಯತ್ಯಾಸ ಬಂದರೂ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ. "ಜೇಬಿನಿಂದ ಐದು ಪೈಸೆ ಹಾಕಿಬಿಡ್ತೀನಿ ಸಾರ್" ಅಂದರೆ ಕೆಂಡವಾಗುತ್ತಿದ್ದರು. "ಇವತ್ತಿನ ಲೆಕ್ಕ ಇವತ್ತೇ ತಾಳೆಯಾಗಬೇಕಪ್ಪ. ನಾಳೆ ಬೆಳಿಗ್ಗೆ ಎದ್ದಾಗ ನೀನು ಬೇರೆ ಮನುಷ್ಯ. ನಿನ್ನೆ ಏನು ಮಾಡಿದೆ ಅಂತ ನಿನಗೇ ಗೊತ್ತಿರೋದಿಲ್ಲ" ಎನ್ನುವುದು ಅವರ ಮಾತು. ಆಗ ಬೇಸರವಾಗುತ್ತಿತ್ತು. ಪ್ರವಾಸಕ್ಕೆ ಹೊರಟಾಗ ಮಾತ್ರ ಅದೇ ಮಾತು ನೆನಪಿಗೆ ಬರುತ್ತಿತ್ತು.

ಹೀಗಾಗಿ ನನ್ನ ನೋಟ್‌ಬುಕ್ಕುಗಳಿಗೆ ಒಂದು ಪದ್ಧತಿ ಉಂಟು. ಪುಸ್ತಕ ಬಿಡಿಸಿದರೆ ಎಡಗಡೆಯ ಪುಟದಲ್ಲಿ ಆ ದಿನದ ಖರ್ಚು. ಬಸ್ಸಿಗೆ ಎಷ್ಟು, ಕಾಫಿಗೆ ಎಷ್ಟು, ಚಪ್ಪಲಿ ಕಾಯುವವನಿಗೆ ಎಷ್ಟು, ಎಲ್ಲವೂ ಪೈಸೆ ಸಮೇತ. ಬಲಗಡೆಯ ಪುಟದಲ್ಲಿ ಆ ಖರ್ಚಿಗೆ ಸಂಬಂಧಪಟ್ಟದ್ದು ಏನು ನಡೆಯಿತು ಎಂಬುದು. ಎಡಪುಟ ಬರೆದರೆ ಬಲಪುಟ ತಾನಾಗಿ ಬರುತ್ತದೆ. "ಸುಂದರ ಸೂರ್ಯಾಸ್ತ, ಮನಸ್ಸಿಗೆ ಮುದವಾಯಿತು" ಎಂದು ಬರೆಯಲು ಕೂತರೆ ಎರಡು ಸಾಲಿಗೆ ಪೆನ್ನು ನಿಲ್ಲುತ್ತದೆ. "ಕಡಲೆಕಾಯಿ, 20 ಪೈಸೆ" ಎಂದು ಬರೆಯಿರಿ. ಕಡಲೆಕಾಯಿ ಮಾರಿದವಳು, ಅವಳ ಬುಟ್ಟಿಯ ಪಕ್ಕ ನಿದ್ದೆ ಮಾಡುತ್ತಿದ್ದ ಮಗು, ಕಾಗದದ ಪೊಟ್ಟಣ ಕಿತ್ತುಕೊಂಡು ಓಡಿದ ಕೋತಿ ಎಲ್ಲರೂ ಒಬ್ಬೊಬ್ಬರಾಗಿ ಬರುತ್ತಾರೆ.

ಫೋಟೋ ವಿಷಯಕ್ಕೆ ಬಂದರೆ, ನನ್ನ ಮೊದಲ ಕ್ಯಾಮೆರಾ ಅಗ್ಫಾ ಕ್ಲಿಕ್ 3. ಈಗಿನ ಮಕ್ಕಳು ಅದನ್ನು ನೋಡಿದರೆ ಆಟದ ಸಾಮಾನು ಅಂದುಕೊಂಡಾರು. ಅದಕ್ಕೆ ಬ್ಯಾಟರಿ ಇಲ್ಲ. ಬಿಸಿಲಿದ್ದರೆ ಒಂದು ಗುರುತು, ಮೋಡವಿದ್ದರೆ ಇನ್ನೊಂದು ಗುರುತು, ಅಷ್ಟೇ. ಒಂದು ರೋಲಿಗೆ 12 ಫೋಟೋ. ಒಂದು ತೆಗೆದ ಮೇಲೆ ಕ್ಯಾಮೆರಾದ ಬೆನ್ನಿನಲ್ಲಿದ್ದ ಪುಟ್ಟ ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ತಿರುಪು ತಿರುಗಿಸಬೇಕು. ಬೆಳಿಗ್ಗೆ ಮನೆ ಬಿಡುವಾಗ ಹನ್ನೆರಡು ಇದ್ದದ್ದು ಮಧ್ಯಾಹ್ನದ ಹೊತ್ತಿಗೆ ಐದಾದರೆ ಎದೆ ಢವಢವ ಅನ್ನುತ್ತಿತ್ತು. ಹಾಗಾಗಿ ಫೋಟೋ ತೆಗೆಯುವ ಮೊದಲು ಬಹಳ ಹೊತ್ತು ನೋಡುತ್ತಿದ್ದೆವು. ಅದು ಒಳ್ಳೆಯದೇ ಆಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ನನ್ನ ಮೊಮ್ಮಗಳು ಇದನ್ನು ಒಪ್ಪುವುದಿಲ್ಲ.

ನಿಮಗೆ ಒಂದೇ ಒಂದು ದಿನದ ಪುಟ ತೆಗೆದು ತೋರಿಸುತ್ತೇನೆ. ಆಗ ನನಗೆ ಹೊಸಪೇಟೆ ಶಾಖೆಗೆ ವರ್ಗವಾಗಿತ್ತು. ಅಲ್ಲಿಂದ ಹಂಪಿ 13 ಕಿಲೋಮೀಟರ್. 1978ರ ಅಕ್ಟೋಬರ್ 1 ಭಾನುವಾರ, ಮರುದಿನ ಗಾಂಧಿ ಜಯಂತಿ. ಎರಡು ರಜೆ ಒಟ್ಟಿಗೆ ಬಂದದ್ದರಿಂದ ಶಾಖೆಯ ಐದು ಜನ ಹೊರಟೆವು. ನಮ್ಮ ಜೊತೆಗೆ ಕ್ಯಾಷಿಯರ್ ಕೂಡ ಬಂದದ್ದು ಎಲ್ಲರಿಗೂ ಆಶ್ಚರ್ಯ. ಧಾರವಾಡ ಕಡೆಯವರು, ವಯಸ್ಸು ಮೂವತ್ತರ ಒಳಗೆ. ಕೌಂಟರಿನ ಕಂಬಿಗಳ ಹಿಂದೆ ಕೂತು ನೋಟು ಎಣಿಸುವಾಗ ಅವರ ಮುಖ ನೋಡಿದರೆ ದುಡ್ಡು ತೆಗೆಯಲು ಬಂದವರೂ ಹೆದರುತ್ತಿದ್ದರು. ಅವರು ನಗುವುದನ್ನು ನಾನಂತೂ ಅಲ್ಲಿಯವರೆಗೆ ಕಂಡಿರಲಿಲ್ಲ.

ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಒಂದು ಕೋಣೆಯಲ್ಲಿ ಗೋಡೆಗೆ ಸಣ್ಣ ಕಿಂಡಿಯಿದೆ. ಆ ಕಿಂಡಿಯಿಂದ ಬರುವ ಬೆಳಕು ಎದುರಿನ ಗೋಡೆಯ ಮೇಲೆ ಬಿದ್ದು ಅಲ್ಲಿ ಮುಂದಿನ ದೊಡ್ಡ ಗೋಪುರ ಕಾಣಿಸುತ್ತದೆ, ಅದೂ ತಲೆಕೆಳಗಾಗಿ. ಮಕ್ಕಳೇ, ಇದರಲ್ಲಿ ಮಾಯವೇನಿಲ್ಲ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿಯೊಳಗೆ ನುಸುಳಿ ಕೆಳಕ್ಕೆ ಹೋಗುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ ಹೋಗುತ್ತದೆ. ನಿಮ್ಮ ಕ್ಯಾಮೆರಾದೊಳಗೂ ಹೀಗೆ ತಲೆಕೆಳಗಾದ ಚಿತ್ರವೇ ಬೀಳುವುದು. ಅಂದರೆ ಕ್ಯಾಮೆರಾ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಹಂಪಿಯಲ್ಲಿ ಕಲ್ಲಿನದೊಂದು ಕ್ಯಾಮೆರಾ ಇತ್ತು ಎನ್ನಬಹುದು. ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ನಮ್ಮ ಕ್ಯಾಷಿಯರ್ ಗೋಡೆಯನ್ನೇ ದಿಟ್ಟಿಸಿ, "ಗೋಪುರ ಶೀರ್ಷಾಸನ ಹಾಕೇತಿ ನೋಡ್ರಿ" ಅಂದರು. ಅದು ನನ್ನ ಬಲಪುಟದಲ್ಲಿದೆ.

ಎಡಪುಟದಲ್ಲಿ ಆ ದಿನ ಬರೆದದ್ದರಲ್ಲಿ ಕೆಲವು: ಬಸ್ಸು, 70 ಪೈಸೆ. ಮಂಡಕ್ಕಿ ಮಿರ್ಚಿ, 60 ಪೈಸೆ. ಚಹಾ, 25 ಪೈಸೆ. ಹರಿಗೋಲು, ತಲೆಗೆ 50 ಪೈಸೆ. ಅದರ ಕೆಳಗೆ ನನ್ನದಲ್ಲದ ಒಂದು ಖರ್ಚು: "ಕ್ಯಾಷಿಯರ್, ಮಗಳಿಗೆ ಗಾಜಿನ ಬಳೆ ಒಂದು ಡಜನ್, 1 ರೂ. 50 ಪೈಸೆ. ಚಿಲ್ಲರೆ ನಾನು ಕೊಟ್ಟೆ. ವಾಪಸ್ ಬಂತು."

ಬಳೆಯ ಕಥೆ ಹೀಗೆ. ಅವರಿಗೆ ಎಂಟು ತಿಂಗಳ ಮಗಳು. ಹೆಂಡತಿ ಮಗು ಇಬ್ಬರೂ ಊರಿನಲ್ಲಿದ್ದರು. ಬಜಾರಿನ ಬಳೆಯಂಗಡಿಯವಳು ಅಳತೆ ಕೇಳಿದಳು. ಇವರು ಯೋಚಿಸಿ ಯೋಚಿಸಿ ತಮ್ಮ ಎರಡು ಬೆರಳು ಜೋಡಿಸಿ, "ಇಷ್ಟು ಕೈ" ಎಂದು ತೋರಿಸಿದರು. ಅವಳು, "ಹಂಗಾರ ಬಳಿ ಯಾಕ್ರಿ ಸಾಹೇಬ್ರ, ಉಂಗುರಾನ ತಗೊಂಡು ಹೋಗ್ರಿ" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ಇವರು ಮಾತ್ರ ನೋಟು ಎಣಿಸುವ ಮುಖ ಮಾಡಿಕೊಂಡು ಅಂಗಡಿಯಲ್ಲಿದ್ದ ಅತ್ಯಂತ ಚಿಕ್ಕ ಬಳೆಗಳನ್ನು ಆರಿಸಿದರು. ಕೆಂಪು ಬಣ್ಣ. ಹಳೇ ಪತ್ರಿಕೆಯಲ್ಲಿ ಸುತ್ತಿಸಿ, ಒಡೆಯಬಾರದೆಂದು ಚೀಲಕ್ಕೆ ಹಾಕದೆ ಅಂಗಿಯ ಒಳಗೆ ಎದೆಯ ಹತ್ತಿರ ಇಟ್ಟುಕೊಂಡರು.

ಮಧ್ಯಾಹ್ನ ವಿಠ್ಠಲ ದೇವಸ್ಥಾನ ನೋಡಿಕೊಂಡು ತಳವಾರಘಟ್ಟಕ್ಕೆ ನಡೆದೆವು. ಅಲ್ಲಿ ಹರಿಗೋಲು ಹತ್ತಿ ತುಂಗಭದ್ರೆ ದಾಟಿದರೆ ಆನೆಗೊಂದಿ. ಹರಿಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ, ಅಷ್ಟೇ. ಅದಕ್ಕೆ ಮುಂದೆ ಹಿಂದೆ ಇಲ್ಲ. ಹೊಳೆಯಲ್ಲಿ ನೀರು ಚೆನ್ನಾಗಿಯೇ ಇತ್ತು. ನಡುವೆ ಹೋದಾಗ ಗಾಳಿ ಎದ್ದಿತು, ಮಳೆಯೂ ಹನಿಯಿತು. ಬುಟ್ಟಿ ಬುಗುರಿಯ ಹಾಗೆ ತಿರುಗತೊಡಗಿತು. ಅಂಬಿಗ ಒಂದು ತಗಡಿನ ಡಬ್ಬಿ ನನ್ನ ಕೈಗೆ ಕೊಟ್ಟು, "ನೀರು ತುಂಬಿ ತುಂಬಿ ಹೊರಗ ಚೆಲ್ರಿ" ಅಂದ. ನಾನು ಚೆಲ್ಲಿದೆ. ಅದೇ ನನ್ನ ಜೀವನದ ದೊಡ್ಡ ಸಾಹಸ ಎಂದು ಮೊಮ್ಮಕ್ಕಳಿಗೆ ಹೇಳುತ್ತಿರುತ್ತೇನೆ. ಕ್ಯಾಷಿಯರ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದರು. "ಅಂಜಬ್ಯಾಡ್ರಿ ಸಾಹೇಬ್ರ" ಎಂದ ಅಂಬಿಗನಿಗೆ ಅವರು ಕಣ್ಣು ಬಿಡದೆಯೇ ಹೇಳಿದರು: "ನಾ ಎಲ್ಲಿ ಅಂಜೀನೋ ಮಾರಾಯ. ನನ್ನ ಕಣ್ಣು ನೋಡಿ ಹೊಳಿ ಅಂಜಬಾರದಂತ ಮುಚ್ಕೊಂಡೀನಿ."

ದಡ ಸೇರಿ ಇಳಿದಾಗ ಅವರು ನಕ್ಕರು ನೋಡಿ, ಐದು ವರ್ಷದ ನಗು ಒಟ್ಟಿಗೆ ಬಂದ ಹಾಗೆ. ನನ್ನ ಕೆಂಪು ಕಿಟಕಿಯಲ್ಲಿ 11 ಎಂದಿತ್ತು. ಕ್ಲಿಕ್ ಮಾಡಿದೆ. ರಾತ್ರಿ ಹೊಸಪೇಟೆಯ ರೂಮಿನಲ್ಲಿ ಊಟಕ್ಕೂ ಮುಂಚೆ ಕೂತು ಎಲ್ಲ ಬರೆದೆ.

ಹೀಗೆ ಕಂಡದ್ದರ ಜೊತೆಗೆ ಬೆಲೆಯನ್ನೂ ಬರೆದಿಡುವುದು ನನ್ನಂಥ ಗುಮಾಸ್ತನ ಚಟ ಎಂದು ಗೆಳೆಯರು ಹಾಸ್ಯ ಮಾಡುತ್ತಿದ್ದರು. ಆದರೆ ಅದೇ ಹಂಪಿಯಲ್ಲಿ ಇದೇ ಕೆಲಸವನ್ನು 450 ವರ್ಷಗಳ ಹಿಂದೆಯೇ ಒಬ್ಬರು ಮಾಡಿದ್ದರು. ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದವರು. ಅವರ ಬರಹವನ್ನು ರಾಬರ್ಟ್ ಸೀವೆಲ್ ಎಂಬುವರು ಇಂಗ್ಲಿಷಿನಲ್ಲಿ 1900ರಲ್ಲಿ ಪ್ರಕಟಿಸಿದರು. ಅರಮನೆ, ಆನೆ, ನವರಾತ್ರಿಯ ವೈಭವ ಎಲ್ಲ ಅದರಲ್ಲಿದೆ. ನನಗೆ ಖುಷಿ ಕೊಟ್ಟದ್ದು ಬೇರೆ. ಒಂದು ಪಣಕ್ಕೆ ದ್ರಾಕ್ಷಿ ಮೂರು ಗೊಂಚಲು, ದಾಳಿಂಬೆ ಹತ್ತು. ಒಂದು ಸಣ್ಣ ನಾಣ್ಯಕ್ಕೆ ಪಟ್ಟಣದೊಳಗೆ ಕೋಳಿ ಮೂರು, ಪಟ್ಟಣದ ಹೊರಗೆ ನಾಲ್ಕು! ಎಡಪುಟ ಎಂದರೆ ಇದು. ಪಟ್ಟಣದಲ್ಲಿ ತುಟ್ಟಿ, ಹಳ್ಳಿಯಲ್ಲಿ ಅಗ್ಗ ಎಂಬುದು ಆಗಲೂ ಹಾಗೇ ಇತ್ತು. ಹರಿಗೋಲನ್ನೂ ಅವರು ಬಿಟ್ಟಿಲ್ಲ. ಬುಟ್ಟಿಯಂತೆ ದುಂಡಗಿರುತ್ತದೆ, ಹೊರಗೆ ಚರ್ಮ ಹೊದಿಸಿರುತ್ತಾರೆ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿದ್ದಾರೆ. ಅವರೂ ಕಣ್ಣು ಮುಚ್ಚಿಕೊಂಡಿದ್ದರೋ ಏನೋ, ಅದನ್ನು ಬರೆದಿಲ್ಲ.

1565ರ ಯುದ್ಧದ ನಂತರ ಆ ಪೇಟೆ, ಆ ದ್ರಾಕ್ಷಿ, ಆ ಕೋಳಿ ಯಾವುದೂ ಉಳಿಯಲಿಲ್ಲ. ಪಾಯೆಸ್ ಬರೆದ ಹಾಳೆಗಳು ಪ್ಯಾರಿಸ್ಸಿನ ಒಂದು ಗ್ರಂಥಾಲಯದಲ್ಲಿ ಉಳಿದಿದ್ದು, ಮೊದಲು ಅಚ್ಚಾದದ್ದು 1897ರಲ್ಲಿ. ಅಲ್ಲಿಯ ರದ್ದಿಯವನಿಗೆ ಅದನ್ನು ಯಾರೂ ಹಾಕದೆ ಇದ್ದದ್ದು ನಮ್ಮ ಪುಣ್ಯ. ಈ ಮಾತನ್ನು ಮನೆಯಲ್ಲಿ ಹೇಳಿದೆ. "ನೀವೇನು ಪಾಯೆಸ್ಸೇ?" ಎಂಬ ಉತ್ತರ ಬಂತು.

ಫೋಟೋದ ಕಥೆಯೂ ಹಂಪಿಯಲ್ಲಿ ಹಾಗೇ ಇದೆ. 50 ರೂಪಾಯಿಯ ಹೊಸ ನೋಟಿನ ಹಿಂಭಾಗ ನೋಡಿ, ಕಲ್ಲಿನ ರಥ ಕಾಣುತ್ತದೆ. ನಮಗೆಲ್ಲ ಗೊತ್ತಿರುವುದು ಆ ರಥವೇ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದಿದ್ದರು. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಒಂದು ಶಿಖರ ಇದೆ! ಆಮೇಲೆ ಅದು ಹೋಯಿತು. ಗ್ರೀನ್‌ಲಾ ಅಂದು ಆ ಭಾರದ ಸಾಮಾನು ಹೊತ್ತುಕೊಂಡು ಬಂದಿರದಿದ್ದರೆ ಆ ಶಿಖರವನ್ನು ನಾವು ಹೀಗೆ ಕಣ್ಣಾರೆ ನೋಡಲು ಆಗುತ್ತಿರಲಿಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯಾವ ಕಲ್ಲು ಬಿತ್ತು, ಯಾವ ಕಲ್ಲನ್ನು ನಿಲ್ಲಿಸಿದರು ಎಲ್ಲ ತಿಳಿಯುತ್ತದೆ. ಇದನ್ನು ನೀವೂ ಮಾಡಬಹುದು. ಅಜ್ಜ ಅಜ್ಜಿಯರು ಮದುವೆಯಾದ ಹೊಸದರಲ್ಲಿ ಜೋಗದಲ್ಲೋ ಬೇಲೂರಿನಲ್ಲೋ ನಿಂತ ಫೋಟೋ ಮನೆಯಲ್ಲಿದ್ದರೆ ಅದನ್ನು ಹಿಡಿದುಕೊಂಡು ಹೋಗಿ ಅದೇ ಜಾಗದಲ್ಲಿ ಅವರನ್ನು ನಿಲ್ಲಿಸಿ. ಅಜ್ಜಿ ಬೇಡ ಅಂತಾರೆ, ಬಿಡಬೇಡಿ.

ಫೋಟೋ ಒಂದಿದ್ದರೆ ಸಾಕು ಎನ್ನುವವರಿಗೆ ನಮ್ಮ ಕನ್ಯಾಕುಮಾರಿಯ ಪ್ರವಾಸವನ್ನು ಹೇಳುತ್ತೇನೆ. 1982ರಲ್ಲಿ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ತಿಪಟೂರು ಕಡೆಯ ಹಳ್ಳಿಯಲ್ಲಿ ತೆಂಗಿನ ತೋಟದ ನಡುವೆ ಇದ್ದವಳು, ಅರವತ್ತು ದಾಟಿದ್ದರೂ ಸಮುದ್ರ ನೋಡಿರಲಿಲ್ಲ. ಎರಡು ರೋಲು ಮುಗಿಸಿದ್ದೆ. ತೊಳೆಯಲು ಕೊಟ್ಟ ಸ್ಟುಡಿಯೋದವರು ಕತ್ತಲ ಕೋಣೆಯಲ್ಲಿ ಏನು ಮಾಡಿದರೋ, ಎರಡೂ ಬೆಳಕು ಬಿದ್ದು ಹಾಳಾದವು. ಕ್ಷಮಿಸಿ ಎಂದು ಒಂದು ಹೊಸ ರೋಲು ಕೊಟ್ಟರು. ಅಮ್ಮ ಮತ್ತೆ ಸಮುದ್ರಕ್ಕೆ ಬರಲಿಲ್ಲ, ಮೂರು ವರ್ಷಕ್ಕೆ ಹೋಗಿಬಿಟ್ಟಳು. ಆದರೆ ನೋಟ್‌ಬುಕ್ಕಿನ ಬಲಪುಟದಲ್ಲಿ ಅವಳು ಇದ್ದಾಳೆ. ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗೆ ಇಳಿದಳು, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು, ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಇಷ್ಟು ನೀರಿಗೆ ಇಷ್ಟು ಸಮವಾಗಿ ಉಪ್ಪು ಹಾಕಿದೋರು ಯಾರೋ! ನಂಗೆ ಒಂದು ಪಾತ್ರೆ ಸಾರಿಗೇ ಹದ ತಪ್ಪುತ್ತೆ." ನನ್ನ ಮಕ್ಕಳಿಗೆ ಅವರಜ್ಜಿ ಗೊತ್ತಿರುವುದು ಈ ಮಾತಿನಿಂದಲೇ.

ಈಗ ಕ್ಯಾಷಿಯರ್ ವಿಷಯಕ್ಕೆ ಮರಳುತ್ತೇನೆ. ಹಂಪಿಗೆ ಹೋಗಿಬಂದ ಎರಡನೆಯ ವರ್ಷ ಅವರು ತೀರಿಕೊಂಡರು. ಹೃದಯಾಘಾತ. ಆಗ ನನಗೆ ಬೇರೆ ಊರಿಗೆ ವರ್ಗವಾಗಿತ್ತು, ಸುದ್ದಿ ತಿಳಿದದ್ದೇ ತಿಂಗಳ ಮೇಲೆ. ಅವರ ಮನೆಯವರ ಸಂಪರ್ಕ ಉಳಿಯಲಿಲ್ಲ.

2019ರಲ್ಲಿ ನಿವೃತ್ತರ ಸಂಘದವರಿಂದ ನನ್ನ ನಂಬರ್ ಪಡೆದು ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಆ ಎಂಟು ತಿಂಗಳ ಮಗಳು. ಈಗ ನಲವತ್ತು ದಾಟಿದವರು, ಹೈಸ್ಕೂಲಿನಲ್ಲಿ ಟೀಚರು. ಆ ವರ್ಷ ಅವರ ತಾಯಿ ಹೋಗಿದ್ದರು. ಮನೆ ಖಾಲಿ ಮಾಡುವಾಗ ತಂದೆಯದು ಎಂದು ಸಿಕ್ಕಿದ್ದು ಎರಡೇ ಫೋಟೋ. ಒಂದು ಮದುವೆಯದು, ಇನ್ನೊಂದು ಬ್ಯಾಂಕಿನ ಅರ್ಜಿಗೆ ಅಂಟಿಸಲು ತೆಗೆಸಿದ ಚಿಕ್ಕದು. "ಎರಡರಾಗೂ ಸಿಟ್ಟು ಮಾಡಿಕೊಂಡಾಂಗ ಕಾಣ್ತಾರ್ರಿ ಅಂಕಲ್. ನಮ್ಮಪ್ಪ ಹಂಗ ಇದ್ರೇನ್ರಿ?" ಎಂದು ಕೇಳಿದರು. ನಾನು, "ಬಾರಮ್ಮ, ಒಂದು ಸಲ ಮನೆಗೆ ಬಾ" ಅಂದೆ.

ಮೈಸೂರಿಗೆ ಗಂಡನನ್ನು ಕರೆದುಕೊಂಡು ಬಂದರು. ಆಲ್ಬಮ್ ತೆಗೆದು ಹನ್ನೊಂದನೆಯ ಫೋಟೋ ಅವರ ಕೈಗೆ ಕೊಟ್ಟೆ. ಅಂಗೈಯಗಲದ ಚೌಕ, ಕಪ್ಪು ಬಿಳುಪು. ಹಿಂದೆ ಹೊಳೆ, ಅಂಚಿನಲ್ಲಿ ಅರ್ಧ ಹರಿಗೋಲು. ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಬಾಯಿ ತುಂಬ ನಗುತ್ತ, ಬಲಗೈಯನ್ನು ಎದೆಯ ಮೇಲೆ ಒತ್ತಿಕೊಂಡು ನಿಂತ ತಂದೆ. ಆಕೆ ತುಂಬ ಹೊತ್ತು ನೋಡಿದರು. ನಗುವನ್ನು ಮೊದಲು ನೋಡಿದರು. ಆಮೇಲೆ ಕೈ ನೋಡಿದರು. ಧ್ವನಿ ಇಳಿದುಹೋಯಿತು. "ಎದಿ ಹಿಡ್ಕೊಂಡಾರಲ್ರಿ... ಆವಾಗಲೇ ನೋವಿತ್ತೇನ್ರಿ ಅಂಕಲ್? ಯಾರಿಗೂ ಹೇಳಲಿಲ್ಲೇನ್ರಿ?"

ಫೋಟೋ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ನಲವತ್ತೊಂದು ವರ್ಷದ ಮೇಲೆ ನೋಡಿದ ನನಗೂ, ನಿಜ ಹೇಳಬೇಕೆಂದರೆ, ಆ ಕೈ ಅಲ್ಲಿ ಯಾಕಿದೆ ಎಂದು ಥಟ್ಟನೆ ಹೊಳೆಯಲಿಲ್ಲ. ನೋಟ್‌ಬುಕ್ ತೆಗೆದೆ. ಎಡಪುಟದಲ್ಲಿ ಬಳೆಯ ಲೆಕ್ಕ ಓದಿದೆ. ಬಲಪುಟದಲ್ಲಿ ಎರಡು ಬೆರಳು, ಉಂಗುರದ ಮಾತು, ಅಂಗಿಯೊಳಗಿನ ಪೊಟ್ಟಣ, ಹೊಳೆ ಅಂಜಬಾರದೆಂದು ಕಣ್ಣು ಮುಚ್ಚಿಕೊಂಡದ್ದು ಎಲ್ಲ ಓದಿದೆ. ಕೊನೆಯ ಸಾಲು ಹೀಗಿತ್ತು: "ಇಳಿದ ಮೇಲೂ ಎದೆಯ ಮೇಲಿನ ಕೈ ತೆಗೆಯಲಿಲ್ಲ. ಬಳೆ ಒಂದೂ ಒಡೆದಿಲ್ಲ, ಎಣಿಸಿ ನೋಡಿದರು. 12."

ಆಕೆ ಅತ್ತರು, ನಡುನಡುವೆ ನಕ್ಕರು. "ಕ್ಯಾಷಿಯರ್ ಅಲ್ರಿ, ಎಣಿಸಲಾರದ ಬಿಡ್ತಾರೇನು" ಎಂದರು. ನನ್ನಾಕೆ ಒಳಗಿನಿಂದ ಕಾಫಿ ತಂದವಳು ಲೋಟ ಹಿಡಿದುಕೊಂಡೇ ನಿಂತಿದ್ದಳು. ಹೊಳೆ ಅಂಜುವ ಮಾತನ್ನು ಆಕೆ ನನ್ನಿಂದ ಮೂರು ಸಲ ಓದಿಸಿಕೊಂಡರು. "ನನಗೂ ನೀರು ಕಂಡರ ಅಂಜಿಕಿ ರಿ. ಅವ್ವಗ ಇರಲಿಲ್ಲ. ಎಲ್ಲಿಂದ ಬಂತೋ ಅಂತಿದ್ದೆ" ಎಂದರು. ಫೋಟೋವನ್ನು ಅವರಿಗೇ ಕೊಟ್ಟೆ. ನೆಗೆಟಿವ್ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಆ ಎರಡು ಪುಟಗಳನ್ನು ನನ್ನ ಕೈಯಲ್ಲೇ ನಕಲು ಮಾಡಿಕೊಡಿ ಎಂದು ಕೇಳಿದರು, ಮಾಡಿಕೊಟ್ಟೆ. ಚಿಲ್ಲರೆ ವಾಪಸ್ ಬಂತು ಎನ್ನುವ ಸಾಲನ್ನೂ ಬಿಡಲಿಲ್ಲ.

ನನ್ನ ವಯಸ್ಸಿನವರಿಗೆ ಇಲ್ಲಿ ಒಂದು ಕೆಲಸ ಹೇಳಬೇಕು. ನಿಮ್ಮ ಆಲ್ಬಮ್ಮುಗಳನ್ನು ಒಂದು ಮಧ್ಯಾಹ್ನ ಮೊಮ್ಮಕ್ಕಳ ಜೊತೆ ಕೂತು ತೆಗೆಯಿರಿ. ಪ್ರತಿ ಫೋಟೋದಲ್ಲಿ ಯಾರಿದ್ದಾರೆ, ಯಾವ ಊರು ಎಂದು ನೀವು ಹೇಳಿ, ಅವರು ಬರೆಯಲಿ. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆ ಪೆನ್ಸಿಲ್ ಸಾಕು. ಬಾಲ್‌ಪೆನ್ ಒತ್ತಿ ಬರೆದರೆ ಅದರ ಗೀರು ಮುಖದ ಮೇಲೆ ಮೂಡುತ್ತದೆ. ಅಂಟುಹಾಳೆಯ ಆಲ್ಬಮ್ಮುಗಳಿದ್ದರೆ ಅವುಗಳಿಂದ ಫೋಟೋ ಬಿಡಿಸಿ, ಅಂಟು ಕಾಲಾನಂತರದಲ್ಲಿ ಚಿತ್ರವನ್ನೇ ತಿನ್ನುತ್ತದೆ. "ಮಧ್ಯದಲ್ಲಿರೋರು ಯಾರು?" ಎಂದು ಮೊಮ್ಮಕ್ಕಳು ಕೇಳುವಾಗ ಉತ್ತರ ಹೇಳುವವರು ಈಗ ನಾವು ಮಾತ್ರ ಇದ್ದೇವೆ.

ಮಕ್ಕಳ ಮಾತು ಬೇರೆ. ನನ್ನ ಮೊಮ್ಮಗಳು ಒಂಬತ್ತನೆಯ ತರಗತಿ. ಶಾಲೆಯಿಂದ ಒಂದು ದಿನದ ಪ್ರವಾಸ ಹೋಗಿ 412 ಫೋಟೋ ತಂದಿದ್ದಳು. ಯಾವ ದಿನ, ಎಷ್ಟು ಗಂಟೆ, ಯಾವ ಜಾಗ ಎಲ್ಲವನ್ನೂ ಫೋನೇ ಬರೆದಿಟ್ಟುಕೊಳ್ಳುತ್ತದೆ ತಾತ, ನಾನ್ಯಾಕೆ ಬರೀಬೇಕು ಎಂಬುದು ಅವಳ ವಾದ. ನಿಜವೇ, ನಮಗೆ ಆ ಸುಖ ಇರಲಿಲ್ಲ. ನಾನು ಒಂದು ಫೋಟೋ ತೋರಿಸಿ, "ಈ ಹುಡುಗಿ ಯಾಕೆ ಮುಖ ಊದಿಸಿಕೊಂಡಿದ್ದಾಳೆ?" ಎಂದು ಕೇಳಿದೆ. ಅದಕ್ಕೆ ಅವಳು ಹತ್ತು ನಿಮಿಷ ಕಥೆ ಹೇಳಿದಳು. ಬಸ್ಸಿನ ಕಿಟಕಿಯ ಸೀಟು, ಒಂದು ಚಿಪ್ಸ್ ಪೊಟ್ಟಣ, ಎರಡು ಗುಂಪು, ಒಂದು ರಾಜಿ. ಒಳ್ಳೆಯ ಕಥೆ. "ಇದು ನಿನ್ನ ಫೋನಿನಲ್ಲಿ ಎಲ್ಲಿದೆ?" ಅಂದೆ. ಅವಳು ನಕ್ಕು ಸುಮ್ಮನಾದಳು. ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಆಗಿದೆ. ಫೋಟೋ ಎಷ್ಟು ಬೇಕಾದರೂ ತೆಗೆಯಲಿ, ಮನೆಗೆ ಬಂದ ಮೇಲೆ ನನ್ನ ಹಳೇ ರೋಲಿನ ಲೆಕ್ಕದಲ್ಲಿ ಹನ್ನೆರಡನ್ನು ಆರಿಸಬೇಕು. ಆ ಹನ್ನೆರಡನ್ನು ಪ್ರಿಂಟ್ ಹಾಕಿಸಿ ಕೊಡುವ ಖರ್ಚು ನನ್ನದು, ಒಂದೊಂದಕ್ಕೆ ಐದು ಸಾಲು ಬರೆಯುವ ಕೆಲಸ ಅವಳದು. ಆರಿಸುವುದೇ ಕಷ್ಟ ಅಂತ ಗೊಣಗುತ್ತಾಳೆ.

ಅವಳ ತಮ್ಮ ಐದನೆಯ ತರಗತಿ. ಅವನಿಗೆ ಫೋನ್ ಕೊಟ್ಟಿಲ್ಲ, ಹಾಗಾಗಿ ನೋಟ್‌ಬುಕ್ ಖುಷಿಯಾಗಿ ಹಿಡಿದ. ಕಳೆದ ಡಿಸೆಂಬರಿನಲ್ಲಿ ಎಲ್ಲರೂ ಹಂಪಿಗೆ ಹೋಗಿದ್ದೆವು. ಬಹಳ ಬದಲಾಗಿದೆ. ಕಲ್ಲಿನ ರಥದ ಸುತ್ತ ತಡೆ ಹಾಕಿದ್ದಾರೆ, ವಿಠ್ಠಲ ದೇವಸ್ಥಾನದವರೆಗೆ ಬ್ಯಾಟರಿ ಗಾಡಿ ಹೋಗುತ್ತದೆ. ತಲೆಕೆಳಗಾದ ಗೋಪುರ ಮಾತ್ರ ಗೋಡೆಯ ಮೇಲೆ ಹಾಗೇ ಶೀರ್ಷಾಸನದಲ್ಲಿತ್ತು. ಮೊಮ್ಮಗನಿಗೆ ಅದು ಯಾರ ಮಾತು ಎಂದು ಹೇಳಿದೆ. ಬರೆದುಕೊಂಡ. ಹರಿಗೋಲಿನಲ್ಲೂ ಕೂತೆವು. ಅದರ ಬಗ್ಗೆ ಅವನ ಬಲಪುಟದಲ್ಲಿ ಇರುವುದು ಇಷ್ಟು: "ತಾತ ಎರಡೂ ಕೈಯಲ್ಲಿ ಅಂಚು ಹಿಡ್ಕೊಂಡಿದ್ರು. ಭಯ ಇಲ್ಲ ಅಂದ್ರು. ಅಜ್ಜಿ ನಗ್ತಾ ಇದ್ರು."

ಆ ರಾತ್ರಿ ಹೊಸಪೇಟೆಯ ಲಾಡ್ಜಿನಲ್ಲಿ ಅವನ ಎಡಪುಟ ತಾಳೆಯಾಗಲಿಲ್ಲ. ಬೆಳಿಗ್ಗೆ ಅವನ ಕೈಗೆ ಕೊಟ್ಟ 500 ರೂಪಾಯಿಯಲ್ಲಿ ಖರ್ಚು ಕಳೆದು ಎಷ್ಟು ಉಳಿಯಬೇಕೋ ಅದಕ್ಕಿಂತ 10 ರೂಪಾಯಿ ಕಡಿಮೆ. ಅವನಪ್ಪ "ಹತ್ತು ರೂಪಾಯಿ ತಾನೇ, ಮಲಗೋ" ಎಂದು ದೀಪ ಆರಿಸಲು ಹೊರಟ. ನಾನೂ ಮೊಮ್ಮಗನೂ ಒಪ್ಪಲಿಲ್ಲ. ಎಳನೀರು, ಹರಿಗೋಲು, ನಿಂಬೆ ಸೋಡಾ, ಚಪ್ಪಲಿ ಸ್ಟ್ಯಾಂಡು ಎಂದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ಕೂಡಿದೆವು. ಹತ್ತೂವರೆಯಾಯಿತು. ಮುಸುಕು ಹೊದ್ದು ಮಲಗಿದ್ದ ನನ್ನಾಕೆ ಆ ಕಡೆ ಗೋಡೆಗೆ ಮುಖ ಮಾಡಿಕೊಂಡೇ, "ಹುಣಸೆಹಣ್ಣಿನ ಚಿಗಳಿ. ನಾನೇ ಅವನ ಹತ್ರ ಇಸ್ಕೊಂಡಿದ್ದೆ" ಅಂದಳು. ಅವನು ಪೆನ್ಸಿಲ್ ಮೊನೆ ಮಾಡಿಕೊಂಡು ಬರೆದ: "ಅಜ್ಜಿ, ಚಿಗಳಿ, 10 ರೂ. ನಮಗೆ ಯಾರಿಗೂ ಕೊಡಲಿಲ್ಲ."